ಅಂಟಿಸಿದವರೇ ಕೀಳಲಿ

ಸಿಂಗಪುರದ ಯಿಶುನಿನ ಒಂದು ಬಹುಮಹಡಿ ಕಾರ್ ಪಾರ್ಕಿನ ಮೂರನೆಯ ಅಂತಸ್ತಿನಲ್ಲಿ, ಲಿಫ್ಟಿಗೆ ಹತ್ತಿರವಾಗಿ, ಬೂದುಬಣ್ಣದ ಹಳೆಯ ಕಾರೊಂದು ನಿಲ್ಲುತ್ತದೆ. ಕಳೆದ ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ ಅದನ್ನು ಕಂಡವರು ಯಾರೂ ಮರೆತಿರಲಾರರು. ಅದರ ಎಡಗಡೆಯ ಮುಂದಿನ ಕಿಟಕಿಯ ಗಾಜಿಗೆ ಊಟದ ತಟ್ಟೆಯಷ್ಟು ಅಗಲದ ಕೆಂಪು ಚೀಟಿಯೊಂದು ಅಂಟಿಕೊಂಡಿತ್ತು. ಅನಧಿಕೃತ ನಿಲುಗಡೆ, ಶುಲ್ಕ ಬಾಕಿ ಎಂದು ಅದರ ಮೇಲೆ ದಪ್ಪ ಇಂಗ್ಲಿಷ್ ಅಕ್ಷರಗಳು. ಇಂಥ ಚೀಟಿ ಅಂಟಿದರೆ ಜನ ಅತ್ತಿತ್ತ ನೋಡಿ, ಉಗುರಿನಿಂದಾದರೂ ಸರಿಯೇ ಕೆರೆದು ತೆಗೆದು, ಏನೂ ಆಗದವರಂತೆ ಹೊರಟುಹೋಗುತ್ತಾರೆ. ಈ ಕಾರಿನ ಒಡೆಯರು ಮಾತ್ರ ಅದನ್ನು ಐದು ತಿಂಗಳ ಕಾಲ ಕೆಲಸಕ್ಕೂ ದೇವಸ್ಥಾನಕ್ಕೂ ಮದುವೆಮನೆಗಳಿಗೂ ಹೊತ್ತು ತಿರುಗಿದರು.

ಅವರ ಹೆಸರು ಉಗ್ಗಪ್ಪ. ಕಾಪುವಿನ ಕಡೆಯವರು, ಮನೆಮಾತು ತುಳು. ಸೆಲೆಟಾರಿನಲ್ಲಿ ವಿಮಾನ ದುರಸ್ತಿ ಮಾಡುವ ಒಂದು ಹ್ಯಾಂಗರಿನಲ್ಲಿ ಮೂವತ್ತು ವರ್ಷ ದುಡಿದವರು; ಡಿಸೆಂಬರಿಗೆ ನಿವೃತ್ತಿ. ಅಲ್ಲಿ ಕೆಲಸ ಮಾಡುವವನು ಒಬ್ಬ, ಅದನ್ನು ನೋಡಿ ಸರಿಯಿದೆಯೆಂದು ಮೊಹರು ಒತ್ತುವವನು ಇನ್ನೊಬ್ಬ. ಉಗ್ಗಪ್ಪನವರು ಮೊಹರು ಒತ್ತುವವರು. ತಾವು ಕಣ್ಣಾರೆ ನೋಡದ ಯಾವುದಕ್ಕೂ ಅವರು ಈವರೆಗೆ ಮೊಹರು ಒತ್ತಿದವರಲ್ಲ.

ಹ್ಯಾಂಗರಿನಲ್ಲಿ, ಮುಟ್ಟಬಾರದೆಂಬ ಗುರುತಿಗೆ ಕಟ್ಟುವ ಕೆಂಪು ಪಟ್ಟಿಗೆ ಒಂದು ಕಟ್ಟಳೆಯುಂಟು. ಕಟ್ಟಿದವನೇ ಅದನ್ನು ಬಿಚ್ಚಬೇಕು, ಬಿಚ್ಚಿ ಪುಸ್ತಕದಲ್ಲಿ ರುಜು ಹಾಕಬೇಕು. ಸೇರಿದ ಹೊಸದರಲ್ಲಿ ಉಗ್ಗಪ್ಪನವರಿಗೆ ಇದರ ಅರ್ಥ ಆಗಿರಲಿಲ್ಲ. ವಿಮಾನದ ಹೊಟ್ಟೆಯ ಬಾಗಿಲಿನ ಹಿಡಿಕೆಗೆ ಯಾರೋ ಕಟ್ಟಿದ್ದ ಪಟ್ಟಿಯನ್ನು, ಕೆಲಸ ಮುಗಿದಿರಬೇಕೆಂದು ಎಣಿಸಿ ಬಿಚ್ಚಲು ಹೋದರು. ಮೇಸ್ತ್ರಿಯಾಗಿದ್ದ ಸಿಖ್ ಮುದುಕರು ಹಿಂದಿನಿಂದ ಬಂದು ಮಣಿಕಟ್ಟು ಹಿಡಿದರು. ಬೈಯಲಿಲ್ಲ. ಕತ್ತು ಹಿಡಿದು ಬಗ್ಗಿಸಿ ಸಂದಿಯೊಳಗೆ ನೋಡಲು ಹೇಳಿದರು. ಅಲ್ಲಿ ಒಬ್ಬನ ಎರಡೂ ಕೈಗಳು ಮೊಣಕೈಯವರೆಗೆ ಒಳಗಿದ್ದವು. ಹಿಡಿಕೆ ತಿರುಗಿದ್ದರೆ ಆ ಕೈಗಳು ಇರುತ್ತಿರಲಿಲ್ಲ. ಆ ದಿನದಿಂದ ಬೇರೆಯವರು ಇಟ್ಟ ಕೆಂಪನ್ನು ಉಗ್ಗಪ್ಪನವರು ಮುಟ್ಟಿದವರಲ್ಲ. ಕಾರಿನ ಗಾಜಿಗೂ ವಿಮಾನದ ಹೊಟ್ಟೆಗೂ ಏನು ಸಂಬಂಧವೆಂದು ಕೇಳಿದರೆ, ಅವರಿಗೆ ಆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ.

ಚೀಟಿ ಅಂಟಿದ ದಿನದ ಕಥೆ ಹೀಗೆ.

ಬಿಶಾನಿನಲ್ಲಿರುವ ಬದರಿನಾಥರು ಮೈಸೂರಿನವರು. ಶನಿವಾರದ ಭಜನೆಯ ಬಳಗದಲ್ಲಿ ಎಲ್ಲರಿಗೂ ಬೇಕಾದವರು. ಖಾಸಗಿ ಕಾರ್ ಪಾರ್ಕುಗಳನ್ನು ನಡೆಸುವ ಒಂದು ಕಂಪನಿಯಲ್ಲಿ ದೊಡ್ಡ ಹುದ್ದೆ. ಏಪ್ರಿಲಿನಲ್ಲಿ ಅವರ ಮಗಳು ಪ್ರಣತಿಗೆ ಸೀಮಂತವಾಯಿತು. ಬಿಶಾನಿನಲ್ಲೇ ಒಂದು ಕಟ್ಟಡದ ಮೂರನೆಯ ಮಹಡಿಯ ಹಾಲ್. ಕೆಳಗಿನ ಕಾರ್ ಪಾರ್ಕು ಅವರ ಕಂಪನಿಯದೇ. ಬಸುರಿಗೆ ಪತ್ರೊಡೆಯ ಬಯಕೆ. ಸಿಂಗಪುರದಲ್ಲಿ ಪತ್ರೊಡೆಯೆಂದರೆ ಉಗ್ಗಪ್ಪನವರ ಹೆಂಡತಿ ಅಕ್ಕು ಅವರದೇ. ಹಿಂದಿನ ದಿನ ಇಡೀ ಕೂತು ಕೆಸುವಿನ ಎಲೆಗೆ ಹಿಟ್ಟು ಸವರಿ, ಸುರುಳಿ ಸುತ್ತಿ, ಬೆಳಗ್ಗೆ ಬೇಯಿಸಿ, ಹನ್ನೊಂದು ಪಾತ್ರೆಗಳಲ್ಲಿ ತುಂಬಿ ಬಟ್ಟೆ ಬಿಗಿದರು. ಎಷ್ಟು ಒತ್ತಾಯಿಸಿದರೂ ಒಂದು ಕಾಸು ಮುಟ್ಟಲಿಲ್ಲ.

"ಲೋಡಿಂಗ್ ಬೇನಲ್ಲೇ ನಿಲ್ಸಿ ಉಗ್ಗಪ್ಪನೋರೇ, ಸಾಮಾನು ಇಳ್ಸೋಕೆ ಅಂತಾನೇ ಇರೋದು ಅದು" ಎಂದು ಬದರಿನಾಥರು ಹಿಂದಿನ ದಿನವೇ ಫೋನಿನಲ್ಲಿ ಹೇಳಿದ್ದರು.

ಉಗ್ಗಪ್ಪನವರು ಅಲ್ಲಿಯೇ ನಿಲ್ಲಿಸಿದರು. ಅಕ್ಕು ಮೇಲೆ ಹಾಲಿನಲ್ಲಿ ಪಾತ್ರೆ ಇಳಿಸಿಕೊಳ್ಳುವುದು, ಇವರು ಕೆಳಗಿನಿಂದ ಹೊತ್ತು ತರುವುದು. ಪಾತ್ರೆಗಳು ಬಿಸಿ, ಒಂದರ ಮೇಲೊಂದು ಇಡುವಂತಿಲ್ಲ, ಒಮ್ಮೆಗೆ ಎರಡೇ. ಇದ್ದದ್ದು ಒಂದೇ ಲಿಫ್ಟು. ಪ್ರತಿಸಲವೂ ಕಾರಿಗೆ ಬೀಗ ಹಾಕಿ ಹೋಗಬೇಕು, ಒಳಗೆ ಊಟವಿದೆ. ಕಡೆಯ ಪಾತ್ರೆ ಇಟ್ಟು ಕೆಳಗೆ ಬಂದಾಗ ನೀಲಿ ಅಂಗಿಯ ಚೀನೀ ಮುದುಕನೊಬ್ಬ ಗಾಜಿಗೆ ಕೆಂಪು ಚೀಟಿಯನ್ನು ಅಂಗೈಯಿಂದ ಒತ್ತಿ ಒತ್ತಿ ಅಂಟಿಸುತ್ತಿದ್ದ.

"ಏ ಅಂಕಲ್! ವಾಟ್ ಈಸ್ ದಿಸ್?"

"ಫಿಫ್ಟೀನ್ ಮಿನಿಟ್ ಓನ್ಲಿ. ಯು ಟ್ವೆಂಟಿ ಸೆವೆನ್. ಐ ಓನ್ಲಿ ಪೇಸ್ಟ್ ಲಾ. ಆಫೀಸ್ ಸೇ ಪೇಸ್ಟ್, ಐ ಪೇಸ್ಟ್." ಅವನು ಕ್ಯಾಮೆರಾದ ಕಡೆ ಬೆರಳು ತೋರಿಸಿ ಹೊರಟುಹೋದ.

ಮೇಲೆ ಬದರಿನಾಥರು ರೇಷ್ಮೆ ಪಂಚೆಯಲ್ಲಿ ಬಂದವರನ್ನು ಸ್ವಾಗತಿಸುತ್ತಿದ್ದರು. ವಿಷಯ ಕೇಳಿ ನಕ್ಕುಬಿಟ್ಟರು. "ಅಯ್ಯೋ, ಅದಕ್ಕೆ ಯಾಕ್ ಟೆನ್ಶನ್? ಸೋಮವಾರ ಹೋಗಿ ಕ್ಯಾನ್ಸಲ್ ಮಾಡಿಸ್ತೀನಿ. ಮೊದ್ಲು ಊಟ ಮಾಡಿ ಬನ್ನಿ."

ಸೋಮವಾರ ಹೋಯಿತು, ಮತ್ತೊಂದು ಸೋಮವಾರವೂ ಹೋಯಿತು. ಬಂದದ್ದು ಕಾಗದ. ಲೋಡಿಂಗ್ ಬೇಯಲ್ಲಿ ಅವಧಿ ಮೀರಿ ನಿಲ್ಲಿಸಿದ್ದೀರಿ, ವಾಹನದ ಬಳಿ ಚಾಲಕನಿರಲಿಲ್ಲ, ಸಾಮಾನು ಇಳಿಸುವ ಚಟುವಟಿಕೆ ಕಂಡುಬಂದಿಲ್ಲ, ಎಂಬತ್ತು ಡಾಲರ್ ಕಟ್ಟತಕ್ಕದ್ದು. ಜೊತೆಗೆ ಒಂದು ಚಿತ್ರ. ಬಾಗಿಲು ಮುಚ್ಚಿದ ಕಾರು, ಸುತ್ತ ಯಾರೂ ಇಲ್ಲ.

ಉಗ್ಗಪ್ಪನವರ ಮಗಳು ಸುರಕ್ಷಾ ಕಾಗದ ಓದಿ ಮೇಜಿನ ಮೇಲೆಸೆದಳು. ಅವಳು ಹುಟ್ಟಿದ್ದು ಯಿಶುನಿನಲ್ಲಿಯೇ. "ಪಪ್ಪಾ, ಇದು ಗವರ್ನಮೆಂಟ್ ಫೈನ್ ಅಲ್ಲ ಲಾ. ಪ್ರೈವೇಟ್ ಕಂಪನಿ. ಇಗ್ನೋರ್ ಮಾಡು. ನಾಲ್ಕು ಲೆಟರ್ ಕಳಿಸ್ತಾರೆ, ಆಮೇಲೆ ಸುಮ್ಮನಾಗ್ತಾರೆ."

"ಸುಮ್ಮನೆ ಕೂತ್ರೆ ಒಪ್ಪಿದ ಹಾಗೆ ಆಗ್ತದೆ."

"ಹಾಗಾದ್ರೆ ಪೇ ಮಾಡಿ ಮುಗ್ಸು."

ಹಣ ಕಟ್ಟುವುದು ಉಗ್ಗಪ್ಪನವರಿಗೆ ಕಷ್ಟವಾಗಿರಲಿಲ್ಲ. ಆದರೆ ಕಂಪನಿಯ ಜಾಲತಾಣದಲ್ಲಿ ಹಣ ಕಟ್ಟುವ ಮೊದಲು ಒಂದು ಚೌಕದೊಳಗೆ ಗುರುತು ಹಾಕಬೇಕಿತ್ತು. ಮೇಲಿನ ವಿವರಗಳೆಲ್ಲ ಸತ್ಯವೆಂದು ಒಪ್ಪುತ್ತೇನೆ, ಎಂದು. ಸುರಕ್ಷಾ ಬೆರಳನ್ನು ಚೌಕದ ಮೇಲೆ ಇಟ್ಟಿದ್ದಳು. ಉಗ್ಗಪ್ಪನವರು ಅವಳ ಮಣಿಕಟ್ಟು ಹಿಡಿದರು.

"ಅದು ಸತ್ಯ ಅಲ್ಲ ಮಗಾ. ಹನ್ನೊಂದು ಪಾತ್ರೆ ಇಳಿಸಿದ್ದೇನೆ. ಇಳಿಸಲಿಲ್ಲ ಅಂತ ನಾನೇ ರುಜು ಹಾಕುವುದಾ?"

"ಇಟ್ಸ್ ಜಸ್ಟ್ ಎ ಟಿಕ್, ಪಪ್ಪಾ!"

"ನನ್ನ ಕೆಲಸವೇ ಟಿಕ್ ಹಾಕುವುದು" ಎಂದರು ಉಗ್ಗಪ್ಪನವರು.

ಮೇಲ್ಮನವಿಗೆ ಒಂದು ಜಾಗವಿತ್ತು. ಉಗ್ಗಪ್ಪನವರು ಹ್ಯಾಂಗರಿನ ವರದಿ ಬರೆಯುವ ಕ್ರಮದಲ್ಲಿಯೇ, ಎಷ್ಟು ಗಂಟೆಗೆ ಎಷ್ಟನೆಯ ಪಾತ್ರೆ ಹೋಯಿತೆಂದು ಬರೆದು, ಯಾರ ಮಾತಿನ ಮೇಲೆ ಅಲ್ಲಿ ನಿಲ್ಲಿಸಿದೆನೆಂಬುದನ್ನೂ ಕಾಣಿಸಿ ಕಳುಹಿಸಿದರು. ಮೂರು ವಾರದ ಮೇಲೆ ಉತ್ತರ ಬಂತು. ಮನವಿ ತಿರಸ್ಕೃತ, ಸಾಮಾನು ಇಳಿಸುವ ಚಟುವಟಿಕೆ ಕಂಡುಬಂದಿಲ್ಲ, ಶುಲ್ಕ ಹೆಚ್ಚಿದೆ. ಅಡಿಯಲ್ಲಿ ಸೊಗಸಾದ ಇಳಿಜಾರು ರುಜು. ಬದರಿನಾಥ್.

ಉಗ್ಗಪ್ಪನವರು ಆ ರುಜುವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಫೋನು ತೆಗೆದುಕೊಂಡರು.

"ಬದರಿನಾಥರೇ, ಇದು ನಿಮ್ಮ ರುಜುವಾ?"

"ಯಾವ್ದು? ಓ, ಅದಾ! ಅದು ಸ್ಕ್ಯಾನ್ಡ್ ಸಿಗ್ನೇಚರ್ ಉಗ್ಗಪ್ಪನೋರೇ. ದಿನಕ್ಕೆ ಇನ್ನೂರು ಲೆಟರ್ ಹೋಗುತ್ತೆ. ಎಲ್ಲಾ ನಾನ್ ಓದ್ತಾ ಕೂರಕ್ಕಾಗುತ್ತಾ?"

"ಓದದೆ ರುಜು ಹಾಕಿದ್ರಾ?"

"ನಾನೆಲ್ಲಿ ಹಾಕ್ದೆ? ಸಿಸ್ಟಮ್ ಹಾಕುತ್ತೆ. ನೋಡಿ, ನಾನು ಓವರ್‌ರೈಡ್ ಮಾಡಿದ್ರೆ ಆಡಿಟ್‌ನಲ್ಲಿ ನನ್ ಹೆಸ್ರು ಬರುತ್ತೆ. ತಮ್ಮೋರಿಗೆ ಫೇವರ್ ಮಾಡ್ದ ಅಂತಾರೆ. ಸುಮ್ನೆ ಪೇ ಮಾಡ್ಬಿಡಿ. ಆ ದುಡ್ಡು ನಾನೇ ನಿಮ್ಗೆ ಫೋನಲ್ಲೇ ಪೇನೌ ಮಾಡ್ತೀನಿ. ಆಯ್ತಲ್ಲ?"

"ಸಾಮಾನು ಇಳಿಸಲೇ ಇಲ್ಲ ಅಂತ ಬರೆದಿದ್ದೀರಿ. ಹಾಗಾದ್ರೆ ಆ ದಿವಸ ಪತ್ರೊಡೆ ತಿಂದದ್ದು ಯಾರು ಮಾರಾಯ್ರೇ? ಸಿಸ್ಟಮಾ, ನೀವಾ?"

ಬದರಿನಾಥರ ದನಿ ಬದಲಾಯಿತು. "ತಿಂದಿದ್ದನ್ನ ಎತ್ತಿ ಆಡ್ತೀರಲ್ರೀ? ಇಷ್ಟು ಚೀಪ್ ಅಂತ ಗೊತ್ತಿರ್ಲಿಲ್ಲ. ಮೊದ್ಲು ಆ ಸ್ಟಿಕ್ಕರ್ ಕಿತ್ತು ಬಿಸಾಕಿ. ಅದನ್ನ ಹಾಕ್ಕೊಂಡು ಭಜನೆಗೆ ಬರ್ತಿದೀರಂತೆ, ಎಲ್ರೂ ನಗ್ತಿದಾರೆ."

"ಅಂಟಿಸಿದವರೇ ಕೀಳಬೇಕು" ಎಂದರು ಉಗ್ಗಪ್ಪನವರು. "ಆ ಮುದುಕ ಅಲ್ಲ. ಅವ ಹೇಳಿದ್ದನ್ನು ಮಾಡಿದ. ರುಜು ಯಾರದ್ದೋ ಅವರು ಬಂದು ಕೀಳಲಿ." ಫೋನು ಇಟ್ಟರು.

ಅಲ್ಲಿಗೆ ಎರಡು ಮನೆಗಳ ನಡುವೆ ಮಾತು ನಿಂತಿತು. ಭಜನೆಯಲ್ಲಿ ಉಗ್ಗಪ್ಪನವರು ತಾಳ ಹಿಡಿದು ಒಂದು ಗೋಡೆಗೆ ಕೂತರೆ ಬದರಿನಾಥರು ಎದುರು ಗೋಡೆಗೆ ಕೂತು ಇವರ ತಲೆಯ ಮೇಲಿನ ಗಡಿಯಾರ ನೋಡುತ್ತಿದ್ದರು. ಬದರಿನಾಥರ ಹೆಂಡತಿ ರಮಾ ಒಂದು ಶನಿವಾರ ಹತ್ತು ಜನರ ಮುಂದೆಯೇ ಕೇಳಿದರು: "ಅಕ್ಕು ಅವ್ರೇ, ನಿಮ್ಮನೇಲಿ ಕಾರಿಗೂ ಕುಂಕುಮ ಇಡೋ ಪದ್ಧತಿ ಇದ್ಯಾ? ಎಷ್ಟ್ ದೊಡ್ಡದಾಗಿ ಇಟ್ಟಿದೀರಿ!"

ಹೆಂಗಸರು ನಕ್ಕರು. ಅಕ್ಕು ಕೂಡ ನಕ್ಕರು. "ಹೌದು ರಮಾ ಅವರೇ. ಇಟ್ಟದ್ದು ನಿಮ್ಮ ಯಜಮಾನರು. ಮುತ್ತೈದೆ ನಾನು, ಹೇಗೆ ಅಳಿಸುವುದು?"

ಮನೆಗೆ ಬರುವ ದಾರಿಯಲ್ಲಿ ಮಾತ್ರ ಅವರು ಗಂಡನನ್ನು ಬಿಡಲಿಲ್ಲ. ಎಡಗಡೆಯ ಸೀಟು ಅವರದು. ಚೀಟಿ ಅವರ ಮುಖಕ್ಕೆ ಸರಿಯಾಗಿ ಅಡ್ಡ. "ಎರಡು ತಿಂಗಳಾಯಿತು, ಈ ಊರಿನ ಎಡಬದಿ ನಾನು ಕಂಡದ್ದಿಲ್ಲ. ನಿಮಗೆಂತ, ನಿಮ್ಮ ಬದಿಯ ಗಾಜು ಸ್ವಚ್ಛ ಉಂಟು."

"ಹಿಂದಿನ ಸೀಟಿನಲ್ಲಿ ಕೂತುಕೋ."

"ಹಿಂದೆ ಕೂರಲು ನಾನೆಂತ ಟ್ಯಾಕ್ಸಿಯಲ್ಲಿ ಬಂದದ್ದಾ?"

ಹ್ಯಾಂಗರಿನಲ್ಲಿ ಮನೀಷ್ ಎಂಬ ಸಹೋದ್ಯೋಗಿ, ಮೂಡಬಿದಿರೆಯವನು, ದಿನವೂ ಒಂದು ಮಾತು ಆಡದೆ ಬಿಡುತ್ತಿರಲಿಲ್ಲ. "ಉಗ್ಗಪ್ಪಣ್ಣ, ಸಾಬೂನು ನೀರು, ಒಂದು ಬ್ಲೇಡು, ಐದು ನಿಮಿಷ. ನಾನೇ ಮಾಡಿ ಕೊಡ್ತೇನೆ."

"ನೀನು ಕಟ್ಟಿದ್ದಾ ಅದು?"

"ಅಲ್ಲ."

"ಹಾಗಾದ್ರೆ ಕೈ ಜೇಬಿನಲ್ಲಿ ಇಟ್ಟುಕೋ."

ಕಾಗದಗಳು ಬರುತ್ತಲೇ ಇದ್ದವು. ಮೂರನೆಯದರಲ್ಲಿ ಅಂತಿಮ ಎಚ್ಚರಿಕೆ. ನಾಲ್ಕನೆಯದರಲ್ಲಿ, ಅಂತಿಮ ಎಚ್ಚರಿಕೆಯ ನಂತರದ ಎಚ್ಚರಿಕೆ. ಐದನೆಯದು ವಸೂಲಿ ಮಾಡುವ ಬೇರೊಂದು ಕಂಪನಿಯಿಂದ. ಅದರಲ್ಲಿ ಉಗ್ಗಪ್ಪನವರ ಹೆಸರಿಗೆ ಶ್ರೀ ಎಂಬುದೂ ಇರಲಿಲ್ಲ. ಎಲ್ಲವನ್ನೂ ಅವರು ತಾರೀಖಿನಂತೆ ಒಂದು ಫೈಲಿನಲ್ಲಿ ಇಟ್ಟರು. ಪ್ರತಿಯೊಂದಕ್ಕೂ ಒಂದೇ ಉತ್ತರ ಬರೆದರು: ಹನ್ನೊಂದು ಪಾತ್ರೆ ಇಳಿಸಿದ್ದೇನೆ, ದಾಖಲೆ ತಿದ್ದಿ.

ಆಗಸ್ಟಿನ ಕೊನೆಗೆ ನಿಜವಾದ ಇಕ್ಕಟ್ಟು ಎದುರಾಯಿತು. ಹತ್ತು ವರ್ಷ ದಾಟಿದ ಕಾರನ್ನು ಈ ಊರಿನಲ್ಲಿ ವರ್ಷಕ್ಕೊಮ್ಮೆ ತಪಾಸಣೆಗೆ ಒಯ್ಯಬೇಕು. ಅಲ್ಲಿ ಪಾಸಾಗದೆ ರಸ್ತೆ ತೆರಿಗೆ ಕಟ್ಟಿಸಿಕೊಳ್ಳುವುದಿಲ್ಲ. ತೆರಿಗೆಯಿಲ್ಲದೆ ಕಾರು ರಸ್ತೆಗಿಳಿಯುವಂತಿಲ್ಲ. ಉಗ್ಗಪ್ಪನವರ ಗಡುವು ಸೆಪ್ಟೆಂಬರ್ ಮೂವತ್ತು. ತಪಾಸಣೆ ಮಾಡುವವನು ಬ್ರೇಕು ನೋಡಿದ, ಹೊಗೆ ನೋಡಿದ, ಚಕ್ರ ನೋಡಿ ಮೆಚ್ಚಿ ತಲೆಯಾಡಿಸಿದ. ಕಡೆಗೆ ಕೆಂಪು ಚೀಟಿಯ ಮೇಲೆ ಬೆರಳಿನಿಂದ ಎರಡು ಸಲ ಬಡಿದ.

"ದಿಸ್ ಒನ್ ಕೆನಾಟ್, ಅಂಕಲ್. ಬ್ಲಾಕ್ ವ್ಯೂ. ರಿಮೂವ್, ದೆನ್ ಕಮ್ ಬ್ಯಾಕ್."

"ಐ ಕೆನಾಟ್ ರಿಮೂವ್."

"ವೈ ಕೆನಾಟ್? ಬಕೆಟ್ ದೇರ್."

ಅವನು ಬಕೆಟ್ಟನ್ನು ಕಾಲಿನಿಂದ ಮುಂದಕ್ಕೆ ತಳ್ಳಿದ. ನೀರಿನಲ್ಲಿ ಬ್ರಶ್ಶು ತೇಲುತ್ತಿತ್ತು. ಉಗ್ಗಪ್ಪನವರು ಅದನ್ನು ನೋಡುತ್ತ ನಿಂತರು. ಅವರ ಪಾಳಿ ಬೆಳಗ್ಗೆ ಆರಕ್ಕೆ. ಆ ಹೊತ್ತಿಗೆ ಬಸ್ಸು ಹಿಡಿದು ಸೆಲೆಟಾರ್ ಮುಟ್ಟುವುದಾಗದು. ಕಾರು ನಿಂತರೆ ಮೂವತ್ತು ವರ್ಷದಲ್ಲಿ ಒಂದು ದಿನವೂ ತಡವಾಗಿ ಹೋಗದ ಮನುಷ್ಯ ಕೊನೆಯ ಮೂರು ತಿಂಗಳು ತಡವಾಗಿ ಹೋಗಬೇಕು. ಬ್ರಶ್ಶು ಎತ್ತಿಕೊಂಡರೆ, ಇಳಿಸಿದ್ದನ್ನು ಇಳಿಸಲಿಲ್ಲವೆಂದು ಬರೆದವನು ಗೆದ್ದ. ಅವರು ಕಾರು ತೆಗೆದುಕೊಂಡು ಮನೆಗೆ ಬಂದುಬಿಟ್ಟರು.

ಅದೇ ವಾರ ಪ್ರಣತಿಯ ಫೋನು ಬಂತು, ಅಕ್ಕುಗೆ. ಜೂನಿನಲ್ಲಿ ಗಂಡುಮಗು ಹುಟ್ಟಿತ್ತು. ಮೂರನೆಯ ತಿಂಗಳಿನಲ್ಲಿ ನಾಮಕರಣ, ಸೆಪ್ಟೆಂಬರ್ ಹದಿನಾಲ್ಕು, ಭಾನುವಾರ.

"ಆಂಟಿ, ಅಪ್ಪ ಬೇರೆ ಕೇಟರರ್ ಬುಕ್ ಮಾಡ್ತೀನಿ ಅಂತಿದಾರೆ. ನಂಗೆ ನಿಮ್ಮ ಪತ್ರೊಡೆನೇ ಬೇಕು. ಇಲ್ಲಾಂದ್ರೆ ಫಂಕ್ಷನ್ನೇ ಬೇಡ. ಪ್ಲೀಸ್ ಆಂಟಿ, ಅವರಿಬ್ರ ಜಗಳ ಅವರಿಬ್ರಿಗೆ ಇರ್ಲಿ."

ಬಸುರಿ, ಬಾಣಂತಿ ಬಾಯಿಬಿಟ್ಟು ಕೇಳಿದ್ದಕ್ಕೆ ಇಲ್ಲವೆನ್ನುವುದು ಅಕ್ಕು ಹುಟ್ಟಿದ ಮನೆಯಲ್ಲೂ ಇಲ್ಲ, ಮೆಟ್ಟಿದ ಮನೆಯಲ್ಲೂ ಇಲ್ಲ. "ಮಾಡಿ ಕೊಡ್ತೇನೆ ಮಗಾ. ಆದರೆ ಆ ಕಾರ್ ಪಾರ್ಕಿಗೆ ನಾವು ಬರುವುದಿಲ್ಲ. ನಿನ್ನ ಅಪ್ಪನೇ ಬಂದು ತಗೊಂಡು ಹೋಗಲಿ. ಅಪ್ಪನೇ. ಡ್ರೈವರ್ ಬೇಡ, ಅಳಿಯ ಬೇಡ."

ಒಳಗಿನಿಂದ ಕೇಳಿಸಿಕೊಂಡ ಉಗ್ಗಪ್ಪನವರು ಎದ್ದು ಹೋಗಿ ಫೈಲಿನಿಂದ ಬಿಳಿ ಹಾಳೆಯೊಂದನ್ನು ತೆಗೆದು ಅಡಿಕೋಲಿನಿಂದ ಗೆರೆ ಎಳೆಯತೊಡಗಿದರು.

ಹ್ಯಾಂಗರಿನಲ್ಲಿ ಇನ್ನೊಂದು ಪದ್ಧತಿಯಿದೆ. ಒಂದು ಕೆಲಸದ ಬಗ್ಗೆ ಸಂಶಯ ಬಂದರೆ ವಾದ ಮಾಡುವುದಿಲ್ಲ. ಅದೇ ಕೆಲಸವನ್ನು, ಅದೇ ಸ್ಥಿತಿಯಲ್ಲಿ, ಬೇರೊಬ್ಬನ ಕೈಯಿಂದ ಇನ್ನೊಮ್ಮೆ ಮಾಡಿಸಿ ನೋಡುತ್ತಾರೆ.

ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಎಂಟು ನಿಮಿಷವಿರುವಾಗ ಬದರಿನಾಥರ ಬಿಳಿಯ ಕಾರು ಉಗ್ಗಪ್ಪನವರ ಬ್ಲಾಕಿನ ಕೆಳಗಿನ ಲೋಡಿಂಗ್ ಬೇಯೊಳಗೆ ಬಂತು. ಕಟ್ಟಡದಡಿಯ ಗೋಡೆಯಿಲ್ಲದ ವಾಯ್ಡ್ ಡೆಕ್ಕಿನ ಕಲ್ಲಿನ ಮೇಜಿನ ಮುಂದೆ ಉಗ್ಗಪ್ಪನವರು ಕೂತಿದ್ದರು. ಮೇಜಿನ ಮೇಲೆ ಪುಸ್ತಕ, ಪೆನ್ನು, ಕೈಗಡಿಯಾರ. ಅವರು ಏಳಲಿಲ್ಲ.

"ಎಲ್ಲಿದೆ ಪಾತ್ರೆ?" ಎಂದರು ಬದರಿನಾಥರು, ನಮಸ್ಕಾರವೂ ಇಲ್ಲದೆ. ಹೊಸ ರೇಷ್ಮೆ ಶರಟಿನ ತೋಳು ಮಡಚಿದ್ದರು.

"ಒಂಬತ್ತನೆಯ ಮಹಡಿ. ಹನ್ನೊಂದು. ಬಿಸಿ ಉಂಟು, ಒಂದರ ಮೇಲೊಂದು ಇಡ್ಬೇಡಿ."

"ನೀವೂ ಒಂದ್ ಕೈ ಹಾಕಿದ್ರೆ ಬೇಗ ಆಗುತ್ತಲ್ರೀ?"

"ಆ ದಿವಸ ಮೇಲೆ ಅಕ್ಕು, ಹೊತ್ತದ್ದು ನಾನೊಬ್ಬ. ಇವತ್ತೂ ಮೇಲೆ ಅಕ್ಕು ಇದ್ದಾಳೆ. ಹೊರುವುದು ನೀವೊಬ್ಬರು."

ಬದರಿನಾಥರು ಹಲ್ಲು ಕಚ್ಚಿ ಲಿಫ್ಟಿನ ಕಡೆ ನಡೆದರು. ಭಾನುವಾರದ ಬೆಳಗ್ಗೆ ಯಿಶುನಿನ ಲಿಫ್ಟು ಪ್ರತಿ ಮಹಡಿಗೂ ನಿಲ್ಲುತ್ತದೆ; ತರಕಾರಿ ಗಾಡಿ ಎಳೆಯುವ ಅಜ್ಜಿಯರು, ಸೈಕಲ್ಲಿನ ಮಕ್ಕಳು, ನಾಯಿ ಹಿಡಿದವರು. ಎರಡು ಪಾತ್ರೆ ತಂದು ಡಿಕ್ಕಿಯಲ್ಲಿಟ್ಟು, ಮುಚ್ಚಿ, ಬೀಗ ಹಾಕಿ ಮತ್ತೆ ಮೇಲೆ. ಅವರು ಲಿಫ್ಟಿನೊಳಗೆ ಮರೆಯಾದಾಗಲೆಲ್ಲ ಉಗ್ಗಪ್ಪನವರು ಎದ್ದು ಬಂದು ಕಾರಿನ ಒಂದು ಫೋಟೊ ತೆಗೆದು, ಗಂಟೆ ಬರೆದು, ಮತ್ತೆ ಕೂರುತ್ತಿದ್ದರು. ನಾಲ್ಕನೆಯ ಸುತ್ತಿಗೆ ರೇಷ್ಮೆ ಶರಟು ಬೆನ್ನಿಗೆ ಅಂಟಿತ್ತು, ಎದೆಯ ಮೇಲೆ ಎಣ್ಣೆಯ ಕಲೆಯಾಗಿತ್ತು.

ಐದನೆಯ ಸುತ್ತಿನಲ್ಲಿ ಅವರು ಕೆಳಗೆ ಬರುವಷ್ಟರಲ್ಲಿ ಪಾರ್ಕಿಂಗ್ ವಾರ್ಡನ್ ಒಬ್ಬ, ಮಲಯ್ ಗಂಡಸು, ಕಾರಿನ ಮುಂದೆ ನಿಂತು ಸಂಖ್ಯೆ ನೋಡುತ್ತಿದ್ದ.

"ಲೋಡಿಂಗ್ ಆಹ್, ಸರ್? ನೋಬಡಿ ಹಿಯರ್, ವೆರಿ ಲಾಂಗ್ ಆಲ್ರೆಡಿ."

ಬದರಿನಾಥರು ಎರಡು ಕೈಯಲ್ಲಿ ಎರಡು ಬಿಸಿ ಪಾತ್ರೆ ಹಿಡಿದೇ ಸ್ಫೋಟಿಸಿದರು. "ಆಫ್ ಕೋರ್ಸ್ ಲೋಡಿಂಗ್! ಕಾಣ್ಸಲ್ವಾ? ಇಲೆವೆನ್ ಪಾಟ್ಸ್! ಒನ್ ಮ್ಯಾನ್, ಒನ್ ಲಿಫ್ಟ್! ಕಾರ್ ಹತ್ರನೂ ನಿಂತ್ಕೊಂಡು ಮೇಲ್ಗಡೆನೂ ಹೋಗಕ್ಕಾಗುತ್ತಾ? ಹೌ ಕೆನ್ ಐ ಬಿ ಇನ್ ಟೂ ಪ್ಲೇಸಸ್?"

"ಓಕೆ ಓಕೆ, ಲೋಡಿಂಗ್ ಕ್ಯಾನ್. ಟೇಕ್ ಯುವರ್ ಟೈಮ್" ಎಂದು ವಾರ್ಡನ್ ನಕ್ಕು ಮುಂದೆ ಹೋದ.

ಉಗ್ಗಪ್ಪನವರ ಪೆನ್ನು ಹಾಳೆಯ ಮೇಲೆ ನಿಧಾನವಾಗಿ ಓಡುತ್ತಿತ್ತು.

ಕೊನೆಯ ಪಾತ್ರೆ ಡಿಕ್ಕಿ ಸೇರಿದಾಗ ಒಂಬತ್ತು ಇಪ್ಪತ್ತನಾಲ್ಕು. ಬದರಿನಾಥರು ಮುಖ ಒರೆಸಿಕೊಳ್ಳುತ್ತಿದ್ದಂತೆ ಉಗ್ಗಪ್ಪನವರು ಎದ್ದು ಬಂದು ಫೋನು ಮುಂದೆ ಹಿಡಿದರು. ಬಾಗಿಲು ಮುಚ್ಚಿದ ಬಿಳಿಯ ಕಾರು, ಸುತ್ತ ಯಾರೂ ಇಲ್ಲ. ಇನ್ನೊಂದು, ಅದೇ. ಮತ್ತೊಂದು, ಅದೇ.

"ಇದರಲ್ಲಿ ಸಾಮಾನು ಸಾಗಿಸುವುದು ಕಾಣ್ತದಾ ಬದರಿನಾಥರೇ?"

ಬದರಿನಾಥರ ಕೈ ಕರ್ಚೀಫಿನ ಮೇಲೆಯೇ ನಿಂತಿತು. "ಏನ್ರೀ ಇದು? ಟ್ರ್ಯಾಪಾ? ನನ್ನ ಮೊಮ್ಮಗನ ನಾಮಕರಣದ ದಿನ?"

"ನನಗೆ ಚೀಟಿ ಅಂಟಿಸಿದ್ದು ನಿಮ್ಮ ಮಗಳ ಸೀಮಂತದ ದಿನ." ಉಗ್ಗಪ್ಪನವರು ಪುಸ್ತಕ ಬಿಚ್ಚಿ ಕಾರಿನ ಮೇಲಿಟ್ಟರು. "ಮೂವತ್ತೆರಡು ನಿಮಿಷ. ನನ್ನದು ಇಪ್ಪತ್ತೇಳು. ನಿಮಗೆ ಅಭ್ಯಾಸ ಇಲ್ಲ, ಐದು ನಿಮಿಷ ಬಿಡುವ. ಇಲ್ಲಿ ಎರಡು ಸಾಲು ಬರೆದಿದ್ದೇನೆ. ಸಾಮಾನು ಸಾಗಿಸಿದ್ದು ಕಂಡಿತು, ಅಂತ ಒಂದು. ಕಾಣಲಿಲ್ಲ, ಅಂತ ಇನ್ನೊಂದು. ಯಾವುದು ಸರಿಯೋ ಅದಕ್ಕೆ ರುಜು ಹಾಕಿ. ಈ ಸಲ ಸಿಸ್ಟಮ್ ಬೇಡ, ಕೈಯಿಂದ ಹಾಕಿ. ಕೆಳಗೆ ನೀವು ವಾರ್ಡನ್‌ಗೆ ಹೇಳಿದ್ದನ್ನೂ ಬರೆದಿದ್ದೇನೆ, ಓದಿ ನೋಡಿ. ಓದದೆ ಹಾಕ್ಬೇಡಿ."

"ಹಾಕ್ದೇ ಇದ್ರೆ?"

"ಹೋಗಿ. ಪಾತ್ರೆ ಹಿಡಿದು ನಿಲ್ಲಿಸುವವ ನಾನಲ್ಲ, ಅದು ಮಗುವಿನ ಊಟ. ಆದರೆ ಮುಂದಿನ ಶನಿವಾರ ಭಜನೆಗೆ ಬರ್ತೇನೆ. ಎಡಬದಿಗೆ ಈ ಕೆಂಪು ಚೀಟಿ, ಬಲಬದಿಗೆ ನಿಮ್ಮ ಬಿಳಿ ಕಾರಿನ ಫೋಟೊ, ದೊಡ್ಡದು ಮಾಡಿಸಿ. ಮೂವತ್ತನೇ ತಾರೀಖಿಗೆ ನನ್ನ ಕಾರು ನಿಂತರೆ ಎರಡನ್ನೂ ಅಂಗಿಗೆ ಅಂಟಿಸಿಕೊಂಡು ಎಂಆರ್‌ಟಿ ರೈಲಿನಲ್ಲಿ ಬರ್ತೇನೆ."

ಈ ಮನುಷ್ಯ ಹೇಳಿದಂತೆಯೇ ಬರುವನೆಂಬುದರಲ್ಲಿ ಬದರಿನಾಥರಿಗೆ ಸಂಶಯವಿರಲಿಲ್ಲ. ಪುಸ್ತಕವನ್ನು ಎಳೆದುಕೊಂಡರು. ಓದಿದರು. ಹಾಳೆ ಹರಿಯುವ ಹಾಗೆ ಒತ್ತಿ ಮೊದಲನೆಯ ಸಾಲಿನ ಮುಂದೆ ರುಜು ಎಳೆದರು. ಆ ರುಜು ಕಾಗದದಲ್ಲಿ ಬಂದದ್ದರಷ್ಟು ಸೊಗಸಾಗಿರಲಿಲ್ಲ.

"ತಗೊಳ್ಳಿ! ಆಯ್ತಾ ಸಮಾಧಾನ?"

"ಇನ್ನು ಚೀಟಿ" ಎಂದರು ಉಗ್ಗಪ್ಪನವರು.

ಕಾರ್ ಪಾರ್ಕಿನ ಮೂರನೆಯ ಅಂತಸ್ತಿನಲ್ಲಿ ಸಾಬೂನು ನೀರಿನ ಬಕೆಟ್ಟು ಮೊದಲೇ ಸಿದ್ಧವಾಗಿತ್ತು, ಜೊತೆಗೆ ಗಾಜು ಗೀರದಂಥ ಪ್ಲಾಸ್ಟಿಕ್ಕಿನ ಕೆರೆಯುವ ತುಂಡು. ಐದು ತಿಂಗಳ ಬಿಸಿಲಿಗೆ ಚೀಟಿ ಗಾಜಿಗೆ ಚರ್ಮದಂತೆ ಹತ್ತಿಕೊಂಡಿತ್ತು. ಬದರಿನಾಥರು ಗೊಣಗುತ್ತ, ಬೈಯುತ್ತ, ನಡುನಡುವೆ ಫೋನಿನಲ್ಲಿ ಹೆಂಡತಿಗೆ "ಬರ್ತಾ ಇದೀನಿ ಕಣೇ, ಟ್ರಾಫಿಕ್ಕು" ಎಂದು ಸುಳ್ಳು ಹೇಳುತ್ತ ಕೆರೆದರು. ಉಗ್ಗಪ್ಪನವರು ಕೈಕಟ್ಟಿ ನಿಂತಿದ್ದರು. ಕೆಂಪೆಲ್ಲ ಹೋದ ಮೇಲೆ ಬದರಿನಾಥರು ಪ್ಲಾಸ್ಟಿಕ್ಕನ್ನು ಬಕೆಟ್ಟಿಗೆಸೆದರು.

"ಮುಗೀತು."

ಉಗ್ಗಪ್ಪನವರು ಜೇಬಿನಿಂದ ಸಣ್ಣ ಟಾರ್ಚು ತೆಗೆದು ಗಾಜಿನ ಮೇಲೆ ಓರೆಯಾಗಿ ಬಿಟ್ಟರು. "ಕೆಳಗಿನ ಮೂಲೆಯಲ್ಲಿ ಗೋಂದು ಉಂಟು."

ಬದರಿನಾಥರು ಅವರನ್ನು ನೋಡಿದ ನೋಟದಲ್ಲಿ ಗಾಜೇ ಕರಗಬೇಕಿತ್ತು. ಆದರೂ ಬಗ್ಗಿದರು. ಮೂಲೆ ಸ್ವಚ್ಛವಾಯಿತು. ಹೊರಡುವಾಗ ಲಿಫ್ಟಿನ ಬಾಗಿಲಲ್ಲಿ ತಿರುಗಿ, "ನಿಮ್ಮಂಥೋರ ಜೊತೆ ಬಾಳೋದ್ ಹೇಗ್ರೀ ಆ ಹೆಂಗ್ಸು?" ಎಂದರು.

"ಎಡಗಡೆ ಕೂತು" ಎಂದರು ಉಗ್ಗಪ್ಪನವರು.

ನಾಮಕರಣಕ್ಕೆ ಇವರು ಹೋಗಲಿಲ್ಲ, ಅವರು ಕರೆಯಲೂ ಇಲ್ಲ. ಮಂಗಳವಾರ ಕಾರು ತಪಾಸಣೆಯಲ್ಲಿ ಪಾಸಾಯಿತು. ಗುರುವಾರ ಕಂಪನಿಯ ಕಾಗದ: ಸೌಜನ್ಯದ ಮೇರೆಗೆ ನಿಮ್ಮ ಶುಲ್ಕವನ್ನು ಮನ್ನಾ ಮಾಡಲಾಗಿದೆ. ಸುರಕ್ಷಾ ಚಪ್ಪಾಳೆ ತಟ್ಟಿದಳು. ಉಗ್ಗಪ್ಪನವರ ಮುಖ ಕೆಂಪಾಯಿತು. ರುಜುವಿನ ಹಾಳೆಯ ಪ್ರತಿ ಲಗತ್ತಿಸಿ ಅಂದೇ ಉತ್ತರ ಬರೆದರು: ನಾನು ಸೌಜನ್ಯ ಕೇಳಿಲ್ಲ, ದಾಖಲೆ ತಿದ್ದಿ. ಎರಡು ವಾರದ ನಂತರ ಒಂದೇ ಸಾಲಿನ ಉತ್ತರ ಬಂತು. ಸಾಮಾನು ಇಳಿಸಿದ್ದು ದೃಢಪಟ್ಟಿದೆ, ನೋಟಿಸು ತಪ್ಪಾಗಿ ನೀಡಲಾಗಿತ್ತು. ಅದನ್ನು ಫೈಲಿನ ಕೊನೆಯ ಹಾಳೆಯಾಗಿ ಸೇರಿಸಿ ದಾರ ಬಿಗಿದರು.

ಪಾತ್ರೆಗಳು ಬಂದದ್ದು ಅಕ್ಟೋಬರಿನಲ್ಲಿ, ಕೊರಿಯರಿನಲ್ಲಿ. ನಮ್ಮಲ್ಲಿ ಬೇರೆಯವರ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವ ವಾಡಿಕೆಯಿಲ್ಲ. ಏನಿಲ್ಲದಿದ್ದರೆ ಚಿಟಿಕೆ ಸಕ್ಕರೆಯನ್ನಾದರೂ ಹಾಕುತ್ತಾರೆ. ಮೊದಲು ತಂದಿಟ್ಟ ಎರಡು ಪಾತ್ರೆಗಳ ಮುಚ್ಚಳವನ್ನು ಅಕ್ಕು ತೆಗೆದು ನೋಡಿದರು. ಬೆಳಗಿ ಒರೆಸಿ ಕಳುಹಿಸಿದ್ದರು, ಬರಿದು.

ಕೊರಿಯರಿನ ನಡುವಯಸ್ಸಿನ ತಮಿಳ ಬಾಗಿಲಲ್ಲಿ ಚಡಪಡಿಸುತ್ತಿದ್ದ. ಇನ್ನೂ ಒಂಬತ್ತು ಪಾತ್ರೆಗಳು ಕೆಳಗೆ ವ್ಯಾನಿನಲ್ಲಿವೆ, ಲಿಫ್ಟು ನಿಧಾನ, ವ್ಯಾನಿನ ಹತ್ತಿರ ಯಾರೂ ಇಲ್ಲ, ಅಂಕಲ್ ಬೇಗ ಸೈನ್ ಮಾಡಿ ಎಂದ.

"ಸೈನ್ ಆಮೇಲೆ. ಎಲ್ಲ ಬರಲಿ, ನೋಡಿ ಹಾಕ್ತೇನೆ" ಎಂದು ಉಗ್ಗಪ್ಪನವರು ಚಪ್ಪಲಿ ಮೆಟ್ಟಿಕೊಂಡರು. "ನಡಿ ಮಾರಾಯ. ನೀನು ಹೊತ್ತುಕೋ. ವ್ಯಾನಿನ ಹತ್ತಿರ ನಾನು ನಿಲ್ತೇನೆ."